ಹಳ್ಳದ ಮಣ್ಣು ಚೀಲಕ್ಕೆ ತುಂಬಿಕೊಂಡು ಹೋದರು. ಈ ಖನಿಜದ ಗಲಾಟೆ ನಮ್ಮ ಕಡೆಗೂ ಬಂತಾ?

ಅಡಿಕೆಕೊನೆ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಆಯನೂರಿನಿಂದ ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆಯಿಂದ ಸ್ವಲ್ಪ ಒಳಗೆ. ಸಣ್ಣದೊಂದು ಅಡಿಕೆ ತೋಟ, ಅದರ ಮೇಲ್ಗಡೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕೆಳಗಡೆ ಹಳ್ಳ. ನಮ್ಮದು ಅಂತ ಇರುವುದು ಇಷ್ಟೇ.

ಹೋದ ತಿಂಗಳು ಜೀಪಿನಲ್ಲಿ ಮೂರು ಜನ ಬಂದರು. ಹಳ್ಳಕ್ಕೆ ಇಳಿದು, ನೀರು ಬತ್ತಿದ ಜಾಗದಲ್ಲಿ ಮಣ್ಣು ತೆಗೆದು ಜರಡಿ ಹಿಡಿದರು. ದಪ್ಪ ಮರಳನ್ನು ಅಲ್ಲೇ ಚೆಲ್ಲಿ ನುಣ್ಣಗಿನದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡರು. ಚೀಲದ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದರು. ಕೈಯಲ್ಲಿ ಜಿಪಿಎಸ್ ಇತ್ತು. ಏನು ಸಾರ್ ಇದು ಅಂತ ಕೇಳಿದೆ. "ಏನಿಲ್ಲ, ಸರ್ವೆ" ಅಂದರು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಒಳ್ಳೆ ಜನವೇ, ಅದರಲ್ಲಿ ಎರಡು ಮಾತಿಲ್ಲ.

ಸಂಜೆ ಹೊತ್ತಿಗೆ ಊರೆಲ್ಲ ಲಿಥಿಯಂ ಸಿಕ್ಕಿದೆ ಅಂತ ಸುದ್ದಿ. ಸೊಸೈಟಿ ಹತ್ತಿರ ಒಬ್ಬರು ಬಂಗಾರ ಅಂದರು. ಮಾರನೇ ದಿನ ಪಕ್ಕದ ತೋಟದವರಿಗೆ ಶಿವಮೊಗ್ಗದಿಂದ ಯಾವನೋ ಬ್ರೋಕರ್ ಫೋನ್ ಮಾಡಿ, "ಜಾಗ ಕೊಡೋದಿದ್ರೆ ಈಗಲೇ ಹೇಳಿ, ಆಮೇಲೆ ಸರ್ಕಾರ ತಗೊಂಡ್ರೆ ಏನೂ ಸಿಗಲ್ಲ" ಅಂದನಂತೆ.

ಟಿವಿ ಹಾಕಿದರೆ ಅದೇ ಮಾತು. ಬ್ಯಾಟರಿ, ಫೋನಿಗೆ ಬೇಕಾದ ಖನಿಜ ಚೀನಾ ಕೊಡುವುದಿಲ್ಲ ಅಂತಿದೆ, ನಾವೇ ತೆಗೆಯಬೇಕು, ಇಷ್ಟು ಸಾವಿರ ಕೋಟಿ, ಅಷ್ಟು ಸಾವಿರ ಕೋಟಿ. ಹೋದ ವರ್ಷ ನಾನು ಬುಕ್ ಮಾಡಿದ್ದ ಎಲೆಕ್ಟ್ರಿಕ್ ಸ್ಕೂಟರ್ ಕೂಡ ತಡವಾಗಿಯೇ ಬಂತು. ಮ್ಯಾಗ್ನೆಟ್ ಸಪ್ಲೈ ಇಲ್ಲ ಅಂದರು ಶೋರೂಮಿನವರು. ಸ್ಕೂಟರಿಗೆ ಎಂಥ ಮ್ಯಾಗ್ನೆಟ್ ಮಾರಾಯ್ರೆ?

ಗೊತ್ತಿದ್ದವರು ಹೇಳಿ. ಸರ್ಕಾರದ ಲೆಕ್ಕಾಚಾರ ನಿಜವಾಗಿ ಏನು? ನಮ್ಮ ಕಡೆ ಗಣಿ ಬರುವ ಸಾಧ್ಯತೆ ಇದೆಯಾ? ಬಂದರೆ ನಮ್ಮನ್ನು ಒಂದು ಮಾತು ಕೇಳುತ್ತಾರಾ?

ತುಂಗೆದಡ:

ಮಂಡ್ಯದಲ್ಲಿ ಲಿಥಿಯಂ ಸಿಕ್ಕಿತು, ಇನ್ನು ನಿಮ್ಮದೇ ಸರದಿ. ಅಡಿಕೆಗೆ ಎಲೆಚುಕ್ಕಿ ರೋಗ, ಕೊಳೆ ರೋಗ ಅಂತ ಒದ್ದಾಡುವುದಕ್ಕಿಂತ ಇದೇ ಒಳ್ಳೆಯದು ಬಿಡಿ. ಒಂದು ಎಕರೆಗೆ ಕೋಟಿ ಹೇಳಿ. ಪಾರ್ಟಿ ಕೊಡಿಸುವಾಗ ನನ್ನನ್ನು ಮರೆಯಬೇಡಿ 😄

ಕಲ್ಲುಮೇಷ್ಟ್ರು:

ಅಡಿಕೆಕೊನೆಯವರೇ, ಬ್ರೋಕರ್ ಫೋನ್ ಬಂದರೆ ಎತ್ತಬೇಡಿ. ಪಕ್ಕದವರಿಗೂ ಹೇಳಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ರಿಟೈರ್ ಆದವನು, ಶಿವಮೊಗ್ಗದ ವಿನೋಬನಗರದಲ್ಲಿದ್ದೇನೆ. ನೀವು ಬರೆದ ರೀತಿ ನೋಡಿದರೆ ಅದು ಜಿಎಸ್‌ಐನವರ (ಕೇಂದ್ರದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಮಾಮೂಲಿ ಕೆಲಸ, ಭೂರಾಸಾಯನಿಕ ನಕ್ಷೆ ಮಾಡುವುದು. ದೇಶವನ್ನು 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಗಳಾಗಿ ಹಂಚಿಕೊಂಡು, ಚೌಕ ಚೌಕದಿಂದಲೂ ಹಳ್ಳದ ನುಣ್ಣನೆ ಮಣ್ಣು ತೆಗೆಯುತ್ತಾರೆ. ಮೇಲಿನ ಗುಡ್ಡದ್ದೆಲ್ಲ ಮಳೆಗೆ ಸ್ವಲ್ಪ ಸ್ವಲ್ಪ ಕೊಚ್ಚಿಕೊಂಡು ಬಂದು ಅಲ್ಲಿ ಕೂತಿರುತ್ತದೆ ನೋಡಿ. ಗುಡ್ಡ ಹತ್ತದೆಯೇ ಗುಡ್ಡದ ಜಾತಕ ನೋಡುವ ಉಪಾಯ ಅದು. ಲ್ಯಾಬಿನಲ್ಲಿ ಒಂದೊಂದು ಚೀಲಕ್ಕೂ ಹತ್ತಾರು ಧಾತುಗಳ ಲೆಕ್ಕ ತೆಗೆಯುತ್ತಾರೆ. ನಿಮ್ಮ ಹಳ್ಳ ಅಂತಲ್ಲ, ಎಲ್ಲರ ಹಳ್ಳಕ್ಕೂ ಇಳಿಯುತ್ತಾರೆ.

ಇಲ್ಲಿಂದ ಗಣಿಗೆ ಬಹಳ ದೂರ. ಹುಡುಕಾಟದಲ್ಲಿ ಜಿ-4, ಜಿ-3, ಜಿ-2, ಜಿ-1 ಅಂತ ನಾಲ್ಕು ಹಂತ. ಜಿ-4 ಅಂದರೆ "ಇಲ್ಲಿ ಏನೋ ಇದ್ದಂತಿದೆ". ಜಿ-1 ಅಂದರೆ ಹತ್ತಿರ ಹತ್ತಿರ ಬೋರ್ ಕೊರೆದು, ಎಷ್ಟು ಆಳ, ಎಷ್ಟು ಟನ್, ಎಷ್ಟು ಪರ್ಸೆಂಟ್ ಅಂತ ಲೆಕ್ಕ ಸಿಕ್ಕಿದ್ದು. ನಿಮ್ಮ ಚೀಲದ ಮಣ್ಣು ಈ ಏಣಿಯ ಮೊದಲ ಮೆಟ್ಟಿಲನ್ನೂ ಹತ್ತಿಲ್ಲ.

ಈಗ ಸರ್ಕಾರದ ಲೆಕ್ಕಾಚಾರ. 2023ರಲ್ಲಿ ಕೇಂದ್ರ ಗಣಿ ಸಚಿವಾಲಯ 30 "ಕ್ರಿಟಿಕಲ್" ಖನಿಜಗಳ ಪಟ್ಟಿ ಮಾಡಿತು. ಇವಿಲ್ಲದೆ ಬ್ಯಾಟರಿ, ಸೋಲಾರ್, ಫೋನು, ಕ್ಷಿಪಣಿ ಯಾವುದೂ ಆಗುವುದಿಲ್ಲ, ಆದರೆ ಇವು ನಮ್ಮ ಕೈಯಲ್ಲಿಲ್ಲ ಅಂತ. ಲಿಥಿಯಂ, ಕೋಬಾಲ್ಟ್, ನಿಕಲ್, ವನೇಡಿಯಂ (ಉಕ್ಕು ಗಟ್ಟಿ ಮಾಡಲು ಬೆರೆಸುವ ಲೋಹ) ಸೇರಿ ಹತ್ತು ಖನಿಜಗಳಿಗೆ ನಾವು ನೂರಕ್ಕೆ ನೂರು ಹೊರಗಿನವರನ್ನೇ ನಂಬಿದ್ದೇವೆ ಅಂತ ಆ ವರದಿಯೇ ಹೇಳಿತು. ನಿಮ್ಮ ತೋಟಕ್ಕೆ ಹಾಕುವ ಪೊಟ್ಯಾಷ್ ಕೂಡ ಪಟ್ಟಿಯಲ್ಲಿದೆ. ತಮಾಷೆ ಅಂದರೆ ನಿಮ್ಮ ಪಕ್ಕದ ಕುಂಸಿಯಲ್ಲಿ ನೂರು ವರ್ಷದ ಹಿಂದೆಯೇ ಮ್ಯಾಂಗನೀಸ್ ತೆಗೆಯುತ್ತಿದ್ದರು. ಬ್ಯಾಟರಿಗೆ ಅದೂ ಬೇಕು, ಆದರೆ ಅದು ಆ 30ರಲ್ಲಿ ಇಲ್ಲ.

ಅದೇ 2023ರ ಆಗಸ್ಟಿನಲ್ಲಿ ಗಣಿ ಕಾಯ್ದೆ ತಿದ್ದಿದರು. ಇವುಗಳಲ್ಲಿ 24 ಖನಿಜಗಳ ಹರಾಜನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಂಡಿತು. ಹರಾಜಿನ ದುಡ್ಡು ಮಾತ್ರ ರಾಜ್ಯಕ್ಕೆ. ಲಿಥಿಯಂ ಅಲ್ಲಿಯವರೆಗೆ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು, ಖಾಸಗಿಯವರು ಮುಟ್ಟುವ ಹಾಗಿರಲಿಲ್ಲ. ಅದನ್ನೂ ಇನ್ನು ಐದನ್ನೂ ಅಲ್ಲಿಂದ ತೆಗೆದರು. ನವೆಂಬರಿನಲ್ಲಿ ಮೊದಲ ಕಂತಿನಲ್ಲಿ 20 ಬ್ಲಾಕ್ (ಗಣಿಗೆ ಅಂತ ಗುರುತಿಸಿದ ಜಾಗ) ಹರಾಜಿಗೆ ಬಂದವು. ಎಷ್ಟೋ ಬ್ಲಾಕಿಗೆ ಬೇಕಾದಷ್ಟು ಜನ ಬಿಡ್ ಹಾಕಲೇ ಇಲ್ಲ, ರದ್ದಾದವು. ಜಮ್ಮುವಿನ ರಿಯಾಸಿ ನೆನಪಿದೆಯಾ? 2023ರ ಫೆಬ್ರವರಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಅಂತ ದೇಶವೆಲ್ಲ ಕುಣಿಯಿತು. ಅದರ ಹರಾಜೂ ರದ್ದಾಯಿತು. ಅದು ಜಿ-3 ಹಂತದ ಅಂದಾಜು, ಲಿಥಿಯಂ ಇರುವುದು ಜೇಡಿಯಂಥ ಮಣ್ಣಿನಲ್ಲಿ, ಅದರಿಂದ ಲಾಭಕ್ಕೆ ತೆಗೆಯುವ ದಾರಿ ಇನ್ನೂ ಗಟ್ಟಿಯಾಗಿಲ್ಲ. ಕೆಳಗೆ ಏನಿದೆ ಅಂತ ಗೊತ್ತಿಲ್ಲದ ಜಾಗಕ್ಕೆ ಯಾರು ಬಿಡ್ ಹಾಕುತ್ತಾರೆ ಹೇಳಿ. ತುಂಗೆದಡದವರೇ, ನಿಮ್ಮ ಮಂಡ್ಯದ ಮರಳಗಾಲದ್ದು ಅದೇ ಜಿ-3 ಹಂತದಲ್ಲಿ 1,600 ಟನ್. ಕೋಟಿ ಪಾರ್ಟಿ ಆಮೇಲೆ ನೋಡೋಣ.

2025ರ ಜನವರಿಯಲ್ಲಿ ರಾಷ್ಟ್ರೀಯ ಕ್ರಿಟಿಕಲ್ ಮಿನರಲ್ ಮಿಷನ್ ಬಂತು. ಸರ್ಕಾರದ್ದು 16,300 ಕೋಟಿ ರೂಪಾಯಿ, ಸರ್ಕಾರಿ ಕಂಪನಿಗಳಿಂದ ಇನ್ನೊಂದು 18,000 ಕೋಟಿ ನಿರೀಕ್ಷೆ. 2030-31ರ ಒಳಗೆ ಜಿಎಸ್‌ಐ 1,200 ಹುಡುಕಾಟದ ಯೋಜನೆ ಮುಗಿಸಬೇಕು. ನಿಮ್ಮ ಹಳ್ಳಕ್ಕೆ ಇಳಿದವರ ಕೈಯಲ್ಲಿ ಈಗ ಕೆಲಸ ಜಾಸ್ತಿ ಇದ್ದರೆ ಆಶ್ಚರ್ಯವಿಲ್ಲ. ಹೊರದೇಶದಲ್ಲೂ ಹುಡುಕುತ್ತಿದ್ದಾರೆ. ಕಾಬಿಲ್ ಅಂತ ಒಂದು ಸರ್ಕಾರಿ ಕಂಪನಿ 2024ರಲ್ಲಿ ಅರ್ಜೆಂಟೀನಾದ ಕಟಮಾರ್ಕಾದಲ್ಲಿ ಐದು ಲಿಥಿಯಂ ಬ್ಲಾಕಿಗೆ ಒಪ್ಪಂದ ಮಾಡಿಕೊಂಡಿದೆ.

ಇದೆಲ್ಲ ಪೇಪರಿನಲ್ಲಿ ಬರುವ ವಿಷಯ. ಪೇಪರಿನಲ್ಲಿ ಅಷ್ಟಾಗಿ ಬರದ್ದು ಚನ್ನಗಿರಿಯ ವಿಷಯ. ನನಗೆ ಹೇಳಬೇಕು ಅನ್ನಿಸುವುದು ಅದೇ.

ಚನ್ನಗಿರಿ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು, ಆಮೇಲೆ ದಾವಣಗೆರೆಗೆ ಹೋಯಿತು. ಅಲ್ಲಿ ಮಾಸಣಿಕೆರೆ, ತಾವರೆಕೆರೆ, ಉಬ್ರಾಣಿ ಸುತ್ತ ಕಪ್ಪು ಕಲ್ಲಿನ ದಿಣ್ಣೆಗಳಿವೆ. ಹುಡುಗರನ್ನು ಕರೆದುಕೊಂಡು ಹೋದಾಗ ಮೊದಲು ಒಂದು ಕಲ್ಲು ಕೈಗೆ ಕೊಡುತ್ತಿದ್ದೆ. ಮುಷ್ಟಿಯಷ್ಟಿದ್ದರೂ ಕೈ ಜಗ್ಗುತ್ತದೆ. ಹೊರಗೆ ತುಕ್ಕಿನ ಕಂದು, ಒಡೆದರೆ ಒಳಗೆ ಕಬ್ಬಿಣದ ಕಪ್ಪು ಮಿಂಚು. ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ ಹತ್ತಿರ ತಂದರೆ ತಾನೇ ಓಲಾಡಿ ಹೋಗಿ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಕಂಪಾಸ್ ಇಟ್ಟರೆ ಮುಳ್ಳಿಗೆ ಉತ್ತರ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಬೇಕಂತಲೇ ಅಲ್ಲಿ ನಿಂತು ನಕ್ಷೆಗೆ ದಿಕ್ಕು ಹಿಡಿದು, ಇಡೀ ಗುಂಪನ್ನು ತಪ್ಪು ದಾರಿಗೆ ಕಳಿಸಿದ್ದ.

ಅದು ಟೈಟಾನಿಯಂ ಇರುವ ಮ್ಯಾಗ್ನೆಟೈಟ್, ಅಂದರೆ ಮ್ಯಾಗ್ನೆಟ್ಟಿಗೆ ಅಂಟುವ ಕಬ್ಬಿಣದ ಅದಿರು. ಅದರೊಳಗೆ ವನೇಡಿಯಂ ಇದೆ. ಅದೇ ಸಾಲಿನ ಹನುಮಲಾಪುರದ ಕಲ್ಲಿನಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಸುಳಿವು ಕೂಡ ಸಿಕ್ಕಿದೆ. ವನೇಡಿಯಂ, ಟೈಟಾನಿಯಂ, ಪ್ಲಾಟಿನಂ ಗುಂಪು, ಮೂರೂ ಆ 30ರ ಪಟ್ಟಿಯಲ್ಲಿವೆ. ವನೇಡಿಯಂ ಇದೆ ಅಂತ ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ, ನಮ್ಮ ಪಾಠದ ಪುಸ್ತಕದಲ್ಲೇ ಇತ್ತು. ಹಾಗಿದ್ದೂ ಹೊರಗಿನಿಂದ ತರಿಸುತ್ತೇವೆ. ಯಾಕೆ?

ಕಲ್ಲಿನಲ್ಲಿ ಅದು ಇರುವುದು ನೂರರಲ್ಲಿ ಒಂದು ಪಾಲಿನ ಆಸುಪಾಸು, ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಈ ಅದಿರನ್ನು ಮಾಮೂಲಿ ಕಬ್ಬಿಣದ ಕುಲುಮೆಗೆ ಹಾಕಿದರೆ ಟೈಟಾನಿಯಂ ತೊಂದರೆ ಕೊಡುತ್ತದೆ. ಸ್ಲ್ಯಾಗ್ (ಕರಗಿದ ಅದಿರಿನ ಕಸ) ಗಟ್ಟಿಯಾಗಿ ಸರಿಯಾಗಿ ಹರಿಯುವುದಿಲ್ಲ. ಇನ್ನೊಂದು ದಾರಿ ಅಂದರೆ ಪುಡಿ ಮಾಡಿ, ಸೋಡಾ ಬೆರೆಸಿ ಹುರಿದು, ನೀರಿನಲ್ಲಿ ವನೇಡಿಯಂ ಬಿಡಿಸಿಕೊಳ್ಳುವುದು. ಅದಕ್ಕೆ ಕರೆಂಟು, ನೀರು, ಕೆಮಿಕಲ್, ಉಳಿದ ಹೊಲಸನ್ನು ಹಾಕುವ ಜಾಗ, ಎಲ್ಲಕ್ಕಿಂತ ಹೆಚ್ಚಾಗಿ ಅದು ಗೊತ್ತಿರುವ ಜನ ಬೇಕು. ಚೀನಾದವರು ಪಂಜಿಹುವಾದಲ್ಲಿ ಇಂಥದ್ದೇ ಅದಿರಿನ ಜೊತೆ ದಶಕಗಟ್ಟಲೆ ಗುದ್ದಾಡಿ ಅದನ್ನು ಪಳಗಿಸಿದರು. ಈಗ ಪ್ರಪಂಚದಲ್ಲಿ ವನೇಡಿಯಂ ಅತಿ ಹೆಚ್ಚು ತೆಗೆಯುವವರು ಅವರೇ. ನಮ್ಮ ದಿಣ್ಣೆ ದಿಣ್ಣೆಯಾಗಿಯೇ ಉಳಿಯಿತು.

ನಿಮ್ಮ ಸ್ಕೂಟರಿನ ಮ್ಯಾಗ್ನೆಟ್ಟಿನ ಕಥೆಯೂ ಇದೇ. ಮೋಟರಿನೊಳಗೆ ಇರುವುದು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಮ್ಯಾಗ್ನೆಟ್. ಬಿಸಿಯಾದಾಗ ಶಕ್ತಿ ಕಳೆದುಕೊಳ್ಳದಿರಲಿ ಅಂತ ಒಂಚೂರು ಡಿಸ್ಪ್ರೋಸಿಯಂ ಹಾಕುತ್ತಾರೆ. ಇಂಥ ಮ್ಯಾಗ್ನೆಟ್ಟಿನಲ್ಲಿ ಸುಮಾರು ಶೇ. 90 ಚೀನಾದಲ್ಲೇ ಆಗುವುದು. 2025ರ ಏಪ್ರಿಲಿನಲ್ಲಿ ಅವರು ಡಿಸ್ಪ್ರೋಸಿಯಂನಂಥ ಏಳು ವಿರಳ ಧಾತುಗಳಿಗೂ (ರೇರ್ ಅರ್ಥ್) ಅವುಗಳ ಮ್ಯಾಗ್ನೆಟ್ಟಿಗೂ ರಫ್ತು ಲೈಸೆನ್ಸ್ ಹಾಕಿದರು. ನಿಮ್ಮ ಶೋರೂಮಿನವರು ಸುಳ್ಳು ಹೇಳಿರಲಿಕ್ಕಿಲ್ಲ.

ಹಾಗಂತ ನಮ್ಮಲ್ಲಿ ವಿರಳ ಧಾತು ಇಲ್ಲವಾ? ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ವಿರಳ ಧಾತು ಇರುವ ಮೊನಜೈಟ್ ಖನಿಜ ಬೇಕಾದಷ್ಟಿದೆ. ಸರ್ಕಾರದ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ 1950ರಿಂದ ಇದೆ. ಆದರೆ ಮೊನಜೈಟ್‌ನಲ್ಲಿ ಥೋರಿಯಂ ಇರುವುದರಿಂದ ಅದು ಪೂರ್ತಿ ಪರಮಾಣು ಇಲಾಖೆಯ ಕೈಯಲ್ಲಿ, ಡಿಸ್ಪ್ರೋಸಿಯಂ ಬಹಳ ಕಡಿಮೆ, ಮತ್ತು ಮರಳಿನಿಂದ ಮ್ಯಾಗ್ನೆಟ್‌ವರೆಗಿನ ಕಾರ್ಖಾನೆಗಳ ಸಾಲು ಇಲ್ಲಿ ಬೆಳೆಯಲೇ ಇಲ್ಲ. 2025ರ ನವೆಂಬರಿನಲ್ಲಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಮಾಡುವ ಕಾರ್ಖಾನೆಗಳಿಗೆ ಅಂತ 7,280 ಕೋಟಿಯ ಯೋಜನೆ ಒಪ್ಪಿದ್ದಾರೆ. ಇಷ್ಟೆಲ್ಲ ಘೋಷಣೆಗಳಲ್ಲಿ ನನಗೆ ಸರಿ ಅನ್ನಿಸಿದ್ದು ಇದೊಂದು.

ಯಾಕೆಂದರೆ ಕಲ್ಲು ಸಿಗುವುದು ಸುಲಭದ ಭಾಗ. ಕಲ್ಲಿಗೂ ಸ್ಕೂಟರಿಗೂ ನಡುವೆ ಇರುವ ಕೆಲಸ ಕಷ್ಟದ್ದು, ನಾವು ಸೋತಿರುವುದು ಅಲ್ಲೇ. ಮಿಷನ್ ಒಳಗೆ ಸಂಸ್ಕರಣೆಗೆ ನಾಲ್ಕು ಪಾರ್ಕ್, ಸಂಶೋಧನಾ ಕೇಂದ್ರಗಳು, ಗಣಿ ತ್ಯಾಜ್ಯ ಮತ್ತು ಅಲ್ಯೂಮಿನಿಯಂ ಅದಿರಿನ ಕೆಂಪು ಕೆಸರಿನಿಂದ ಖನಿಜ ತೆಗೆಯುವ ಪ್ರಯೋಗಗಳಿಗೆ 100 ಕೋಟಿ ಅಂತ ಇದೆ. 34,300 ಕೋಟಿಯ ಮಾತಿನಲ್ಲಿ 100 ಕೋಟಿ! ನನ್ನನ್ನು ಕೇಳಿದರೆ ಚನ್ನಗಿರಿ ಕಲ್ಲಿಗೆ ಒಂದು ಪ್ರಯೋಗ ಘಟಕವನ್ನು ಭದ್ರಾವತಿಯಲ್ಲಿ ಹಾಕಬೇಕು. 1923ರಿಂದ ಲೋಹ ಕರಗಿಸಿದ ಊರು ಅದು. ಹೊಸ ಗುಡ್ಡ ಹುಡುಕುವುದಕ್ಕಿಂತ ಮೊದಲು ಗೊತ್ತಿರುವ ಕಲ್ಲನ್ನು ಬಿಡಿಸುವುದು ಕಲಿಯಲಿ. ಅಲ್ಲಿಯವರೆಗೆ ನಿಮ್ಮ ಹಳ್ಳದ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಪೇಪರ್‌ಟೌನ್:

ಮೇಷ್ಟ್ರೇ, ಭದ್ರಾವತಿ ಹೆಸರು ಹೇಳಿದ್ದಕ್ಕೆ ಖುಷಿಯಾಯಿತು, ಸಿಟ್ಟೂ ಬಂತು. ನಮ್ಮೂರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತೇವೆ ಅಂತ ಅದರ ಒಡೆಯ ಸರ್ಕಾರಿ ಕಂಪನಿ ಸೇಲ್ ಹೇಳಿದ್ದು 2023ರ ಜನವರಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಚುನಾವಣೆಗೂ ಒಬ್ಬೊಬ್ಬರು ಬಂದು ಹೊಸ ಆಸೆ ಹುಟ್ಟಿಸಿ ಹೋಗುತ್ತಾರೆ. ಈಗ ವನೇಡಿಯಂ ಒಂದು ಬಾಕಿ ಇತ್ತು.

ಇನ್ನೊಂದು ಮಾತು. ಸೋಡಾ ಹಾಕಿ ಹುರಿದು ನೀರಿನಲ್ಲಿ ಬಿಡಿಸುವುದು ಅಂದಿರಲ್ಲ, ಆ ನೀರು ಕೊನೆಗೆ ಎಲ್ಲಿಗೆ ಹೋಗಬೇಕು? ಭದ್ರಾ ಹೊಳೆಗೇ ತಾನೇ? ಕೆಲಸ ಬೇಕು, ಖಂಡಿತ ಬೇಕು. ನಮ್ಮ ಬೀದಿಯಲ್ಲಿ ಐಟಿಐ ಮಾಡಿದ ಹುಡುಗರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗಿದ್ದಾರೆ. ಆದರೆ ಹೊಳೆ ಲೆಕ್ಕ ಮೊದಲೇ ಬರೆದಿಡಿ.

ಕಲ್ಲುಮೇಷ್ಟ್ರು:

ಪೇಪರ್‌ಟೌನ್, ಒಪ್ಪಿದೆ. ನೀರನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಬಳಸುವ ಪದ್ಧತಿ ಇದೆ, ಖರ್ಚು ಜಾಸ್ತಿ. ಆ ಖರ್ಚು ಸೇರಿಸಿದ ಮೇಲೂ ಲೆಕ್ಕ ಕೂಡಿಬರುತ್ತದಾ ಅಂತ ನೋಡುವುದಕ್ಕೇ ಪ್ರಯೋಗ ಘಟಕ ಬೇಕು ಅಂದದ್ದು. ಕೂಡಿಬರದಿದ್ದರೆ ಬೇಡ.

ಕಳಸದವಳು:

ಎಲ್ಲರೂ ಕಲ್ಲಿನ ಬಗ್ಗೆ ಹೇಳಿದಿರಿ. ಅಡಿಕೆಕೊನೆಯವರ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕೇಳುತ್ತಾರಾ ಅಂದರೆ, ಇಲ್ಲ, ಮೊದಲಿನ ಹಾಗೆ ಕೇಳುವುದಿಲ್ಲ.

2006ರ ಪರಿಸರ ಅಧಿಸೂಚನೆ ಪ್ರಕಾರ ದೊಡ್ಡ ಗಣಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ಆಗಬೇಕಿತ್ತು. ಊರವರು ಹೋಗಿ ಮೈಕ್ ಹಿಡಿದು ಬೇಡ ಅನ್ನಬಹುದಿತ್ತು, ಅದು ದಾಖಲಾಗುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಪರಮಾಣು ಖನಿಜ ಮತ್ತು ಈ ಕ್ರಿಟಿಕಲ್ ಖನಿಜಗಳ ಗಣಿಗೆ ಆ ಸಭೆ ಬೇಕಿಲ್ಲ, ರಾಷ್ಟ್ರೀಯ ಭದ್ರತೆಯ ವಿಷಯ ಅಂತ. ಬ್ಲಾಕ್ ಎಷ್ಟೇ ಚಿಕ್ಕದಿರಲಿ, ಪರಿಸರದ ಅನುಮತಿ ದೆಹಲಿಯಲ್ಲೇ. ಪೊಟ್ಯಾಷ್ ಗಣಿಯಲ್ಲಿ ಎಂಥ ರಾಷ್ಟ್ರೀಯ ಭದ್ರತೆ ಅಂತ ನನಗಂತೂ ಅರ್ಥವಾಗಿಲ್ಲ.

ನಾನು ಗಣಿ ವಿರೋಧಿ ಅಂತ ಯಾರೂ ಅಂದುಕೊಳ್ಳಬೇಡಿ. ಅಪ್ಪ ಕುದುರೆಮುಖದಲ್ಲಿ ಡಂಪರ್ ಓಡಿಸುತ್ತಿದ್ದರು. ನಾನು, ತಮ್ಮ ಇಬ್ಬರೂ ಓದಿದ್ದು ಅದೇ ಸಂಬಳದಲ್ಲಿ. ಆ ಗಣಿ ಶುರುವಾದ ಬಗೆ ನೋಡಿ. ಇರಾನಿನ ಶಾ ದುಡ್ಡು ಕೊಡುತ್ತಾನೆ, ಅದಿರು ಅವನೇ ಕೊಳ್ಳುತ್ತಾನೆ ಅಂತ ಕಟ್ಟಿದ್ದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಹೋದ, ಕೊಳ್ಳುವವನಿಲ್ಲ. ಆಮೇಲೆ ಬೇರೆಯವರನ್ನು ಹುಡುಕಬೇಕಾಯಿತು. ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದಿಂದ ಮಂಗಳೂರಿಗೆ ಪೈಪಿನಲ್ಲಿ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 2005ರ ಡಿಸೆಂಬರ್ 31ಕ್ಕೆ ನಿಂತಿತು. ಗಣಿ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಹಾಗೇ ಇದೆ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಕೊನೆ ತಾರೀಕು ಅಂತ ಯಾರೂ ಬರೆದಿಲ್ಲ.

ಆ ಕಾಲದಲ್ಲಿ ಅಹವಾಲು ಸಭೆ ಅನ್ನುವುದೇ ಇರಲಿಲ್ಲ. ಹೋರಾಡಿ ಹೋರಾಡಿ ಒಂದು ಸಭೆ ಅಂತ ಬಂತು. ಈಗ ಈ 24 ಖನಿಜದ ಹೆಸರಲ್ಲಿ ಅದೂ ಹೋಯಿತು.

ತುಂಗೆದಡ:

ಅಕ್ಕಾ, ಹಾಗಾದರೆ ಶೆಟ್ಟಿಹಳ್ಳಿ ಕಾಡು, ಶರಾವತಿ ಕಣಿವೆ ಎಲ್ಲ ಹೋದಂತೆಯೇ?

ಕಲ್ಲುಮೇಷ್ಟ್ರು:

ಅಷ್ಟು ಸುಲಭವಿಲ್ಲ. ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನದ ಒಳಗೆ, ಅವುಗಳ ಗಡಿಯಿಂದ 1 ಕಿ.ಮೀ. ಒಳಗೆ ಗಣಿ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಶೆಟ್ಟಿಹಳ್ಳಿಗೂ ಶರಾವತಿ ಅಭಯಾರಣ್ಯಕ್ಕೂ ಅದು ಅನ್ವಯಿಸುತ್ತದೆ. ಉಳಿದ ಕಾಡಿಗೂ ಅರಣ್ಯ ಅನುಮತಿ ಬೇಕೇ ಬೇಕು. ಕಳಸದವರು ಹೇಳಿದ ರಿಯಾಯಿತಿ ಅಹವಾಲು ಸಭೆಗೆ ಮಾತ್ರ.

ಒಂದು ಮಾತು ಹೇಳಿದರೆ ಎಲ್ಲರೂ ನನಗೆ ಬೈಯುತ್ತೀರಿ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಸಲ ಬಂತಲ್ಲ, ಕರ್ನಾಟಕದ 20,668 ಚದರ ಕಿ.ಮೀ. ಸೇರಿಸಿ, ಅದರಲ್ಲಿ ಗಣಿಗಾರಿಕೆ ಪೂರ್ತಿ ನಿಷೇಧ ಅಂತ ಬರೆದಿದೆ. ಈ ಕರಡಿಗೆ ಮೂಲವಾದ ಕಸ್ತೂರಿರಂಗನ್ ವರದಿ ಬೇಡ ಅಂತ ಬೀದಿಗಿಳಿದವರೂ ನಾವೇ. ಈಗ ಗಣಿ ಬೇಡ ಅಂತ ಇಳಿಯಬೇಕಾದವರೂ ನಾವೇ. ವರದಿಯಲ್ಲಿ ಮನೆ ಕಟ್ಟಲು, ತೋಟ ಮಾಡಲು ಏನು ತೊಡಕಿತ್ತೋ ಅದನ್ನು ಮಾತ್ರ ಪ್ರಶ್ನಿಸಿ, ಗಣಿ ನಿಷೇಧವನ್ನು ಉಳಿಸಿಕೊಳ್ಳಿ ಅಂತ ಆವತ್ತು ನಮ್ಮ ಯಾವ ರಾಜಕಾರಣಿಯೂ ಹೇಳಲಿಲ್ಲ.

ಗುಜರಿಅಣ್ಣ:

ನಾನು ಶಿವಮೊಗ್ಗದಲ್ಲಿ ಗುಜರಿ ಅಂಗಡಿಯವನು. ಕಾಡೂ ಬೇಡ ಗುಡ್ಡವೂ ಬೇಡ, ನನ್ನ ಶೆಡ್ಡಿನ ಹಿಂದೆ ಬನ್ನಿ, ಲಿಥಿಯಂ ತೋರಿಸುತ್ತೇನೆ.

ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಎಲೆಕ್ಟ್ರಿಕ್ ಸ್ಕೂಟರ್, ಸೋಲಾರ್ ಬೀದಿ ದೀಪ, ಲ್ಯಾಪ್‌ಟಾಪ್, ಎಲ್ಲದರ ಸತ್ತ ಬ್ಯಾಟರಿ ಈಗ ಬರುತ್ತಿದೆ. ಮನೆಯ ಯುಪಿಎಸ್‌ನ ಲೆಡ್ ಬ್ಯಾಟರಿಗೆ ಕೆಜಿ ರೇಟ್ ಇದೆ, ಬೆಳಿಗ್ಗೆ ತಂದರೆ ಸಂಜೆ ಒಳಗೆ ಹೋಗುತ್ತದೆ. ಲಿಥಿಯಂಗೆ ಆ ಮಾರ್ಕೆಟ್ ಇಲ್ಲ. ಬೆಂಗಳೂರಿನಿಂದ ಬರುವ ಪಾರ್ಟಿ ಮೊದಲು ಕೇಳುವುದು "ಕೋಬಾಲ್ಟ್ ಇದೆಯಾ" ಅಂತ. ಫೋನ್, ಲ್ಯಾಪ್‌ಟಾಪ್‌ನದ್ದರಲ್ಲಿ ಇರುತ್ತದೆ, ತಗೊಳ್ಳುತ್ತಾರೆ. ಈಗಿನ ಎಷ್ಟೋ ಗಾಡಿಗೆ ಬರುವುದು ಐರನ್ ಫಾಸ್ಫೇಟ್ ಬ್ಯಾಟರಿ. ಅದರಲ್ಲಿ ಕೋಬಾಲ್ಟೂ ಇಲ್ಲ ನಿಕಲ್ಲೂ ಇಲ್ಲ. ನೋಡಿ ಪಕ್ಕಕ್ಕೆ ಇಟ್ಟು ಹೋಗುತ್ತಾರೆ. ಇಟ್ಟುಕೊಂಡರೆ ನನಗೆ ಭಯ. ಹೋದ ಬೇಸಿಗೆಯಲ್ಲಿ ಒಂದು ಪ್ಯಾಕ್ ಉಬ್ಬಿ, ತಾನಾಗಿಯೇ ಹೊಗೆ ಬಂದು ಹತ್ತಿಕೊಂಡಿತು. ಮರಳು ಸುರಿದು ಉಳಿಸಿಕೊಂಡೆವು.

2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮ ಬಂತು. ಮಾರಿದ ಕಂಪನಿಯೇ ಹಳೆಯದನ್ನು ವಾಪಸ್ ತಗೊಂಡು ರೀಸೈಕಲ್ ಮಾಡಿಸಬೇಕು ಅಂತ. 2025ರ ಸೆಪ್ಟೆಂಬರಿನಲ್ಲಿ ರೀಸೈಕ್ಲಿಂಗ್‌ಗೆ 1,500 ಕೋಟಿಯ ಪ್ರೋತ್ಸಾಹ ಯೋಜನೆಯೂ ಬಂತು, ಅದರಲ್ಲಿ ಮೂರನೇ ಒಂದು ಪಾಲು ಸಣ್ಣವರಿಗೆ ಮತ್ತು ಹೊಸಬರಿಗೆ ಅಂತ. ಖುಷಿಯಲ್ಲಿ ವಿಚಾರಿಸಿದೆ. ದುಡ್ಡು ಕೊಡುವುದು ಖನಿಜವನ್ನು ಬೇರ್ಪಡಿಸಿ ತೆಗೆಯುವವರಿಗೆ. ಸುಮ್ನೆ ಪುಡಿ ಮಾಡಿ ಕಪ್ಪು ಪುಡಿ ಮಾರುವವರಿಗೆ ಇಲ್ಲ. ಅದು ಸರಿಯೇ ಅನ್ನಿ, ಇಲ್ಲದಿದ್ದರೆ ಆ ಪುಡಿಯನ್ನು ಹಡಗು ಹತ್ತಿಸಿ ಹೊರಗೆ ಕಳಿಸಿಬಿಡುತ್ತಾರೆ. ಆದರೆ ಊರೂರಿನಿಂದ ಬ್ಯಾಟರಿ ಒಟ್ಟುಮಾಡಿ, ಬೆಂಕಿ ಹತ್ತದ ಹಾಗೆ ಇಟ್ಟು, ಲಾರಿಗೆ ಹಾಕಿ ಕಳಿಸುವವನಿಗೆ ಏನು? ಜಿಲ್ಲೆಗೊಂದು ಸಂಗ್ರಹ ಕೇಂದ್ರ ಮಾಡಿ, ಕೆಜಿಗೆ ಇಷ್ಟು ಅಂತ ರೇಟ್ ಕೊಡಲಿ. ಮಾಲು ತಾನಾಗಿಯೇ ಬರುತ್ತದೆ.

ಕಲ್ಲುಮೇಷ್ಟ್ರು:

ಗುಜರಿಅಣ್ಣ, ನಮ್ಮ ಅದಿರು ಪಟ್ಟಿಯಲ್ಲಿ ನಿಮ್ಮ ಶೆಡ್ಡಿಗೆ ಜಿ-1 ಕೊಟ್ಟಿದ್ದೇನೆ. ಎಷ್ಟಿದೆ, ಎಲ್ಲಿದೆ, ಏನಿದೆ ಎಲ್ಲ ಗೊತ್ತಿರುವ ಜಾಗ ಅದೊಂದೇ.

ಅಡಿಕೆಕೊನೆ:

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದೆ. "ಬಂಗಾರ ಅಲ್ಲ ಅಲ್ವಾ, ಬಿಡು" ಅಂದರು. ಪಕ್ಕದವರೂ ಬ್ರೋಕರ್ ನಂಬರ್ ಬ್ಲಾಕ್ ಮಾಡಿದ್ದಾರೆ.

ಕೊನೆಯದಾಗಿ ಒಂದು. ನಾಳೆ ನಿಜವಾಗಿಯೂ ಹರಾಜಿಗೆ ಬಂದರೆ ನಮಗೆ ಗೊತ್ತಾಗುವುದು ಹೇಗೆ? ಈಗಲೇ ಮಾಡಿಟ್ಟುಕೊಳ್ಳಬೇಕಾದ್ದು ಏನಾದರೂ ಇದೆಯಾ?

ಕಲ್ಲುಮೇಷ್ಟ್ರು:

ಇದೆ. ಜಿಎಸ್‌ಐನ ಭೂಕೋಶ್ ಪೋರ್ಟಲ್‌ನಲ್ಲಿ ನಿಮ್ಮ ಕಡೆಯ ನಕ್ಷೆ ಯಾರು ಬೇಕಾದರೂ ನೋಡಬಹುದು. ಕೇಂದ್ರದ ಹರಾಜು ನಡೆಯುವುದು ಎಂಎಸ್‌ಟಿಸಿ ಅನ್ನುವ ಸರ್ಕಾರಿ ಕಂಪನಿಯ ವೆಬ್‌ಸೈಟಿನಲ್ಲಿ. ಬ್ಲಾಕಿನ ಹೆಸರು, ಜಾಗ, ಯಾವ ಹಂತದ ಹುಡುಕಾಟ ಆಗಿದೆ ಅನ್ನುವುದೆಲ್ಲ ಟೆಂಡರ್ ಕಾಗದದಲ್ಲಿ ಇರುತ್ತದೆ. ನಿಮ್ಮ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರು ಯಾರಾದರೂ ಆಗಾಗ ಕಣ್ಣಾಡಿಸಿದರೆ ಸಾಕು. ಅಹವಾಲು ಸಭೆ ಇಲ್ಲದಿದ್ದರೂ ಗ್ರಾಮಸಭೆ ಕರೆದು ಠರಾವು ಬರೆಸುವುದನ್ನು ಯಾರೂ ತಡೆಯುವುದಿಲ್ಲ. ಗುತ್ತಿಗೆ ಹಿಡಿದವನು ಜಮೀನಿನ ಮೇಲ್ಭಾಗ ಬಳಸಿದರೆ ಅನುಭವದಲ್ಲಿರುವವರಿಗೆ ಪರಿಹಾರ ಕೊಡಬೇಕು ಅಂತ ಗಣಿ ಕಾಯ್ದೆಯಲ್ಲೇ ಇದೆ.

ತೊಡಕು ಇರುವುದು ನಿಮ್ಮ ಸೊಪ್ಪಿನ ಬೆಟ್ಟದಲ್ಲಿ. ತೋಟದ ಪಹಣಿ ನಿಮ್ಮ ಹೆಸರಲ್ಲಿದೆ. ಬೆಟ್ಟ ನಿಮ್ಮದಲ್ಲ, ಸೊಪ್ಪು ತರುವ ಹಕ್ಕು ಮಾತ್ರ ನಿಮ್ಮದು, ಜಾಗ ಸರ್ಕಾರದ್ದು. ಗಣಿ ಬರಲಿ ಬಿಡಲಿ, ಆ ಹಕ್ಕಿನ ಹಳೆಯ ಕಾಗದ ಎಲ್ಲಿದೆ ಅಂತ ಈಗಲೇ ಹುಡುಕಿ. ಮನೆಯಲ್ಲಿ ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗೆ ಅರ್ಜಿ ಹಾಕಿ. ಸರ್ವೆ ನಂಬರ್ ಮರೆಯದೆ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ನಾಳೆ ಬಾ ಅನ್ನುತ್ತಾರೆ.